ಗುಳಿಗೆ ನುಂಗಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೇ? ಸೋರುವ ಜಾಗ ಹುಡುಕುವ ಬಗೆ

ನನ್ನ ತವರು ಮಾನ್ವಿ ತಾಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮುನಿರಾಬಾದಿನಲ್ಲಿ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದು ಎಷ್ಟೋ ದಿನವಾದರೂ ನಮ್ಮ ಹೊಲಕ್ಕೆ ನೀರು ಮುಟ್ಟದಿದ್ದ ವರ್ಷಗಳನ್ನು ನೋಡುತ್ತಾ ಬೆಳೆದೆ. ಅಂಥ ಹೊತ್ತಿನಲ್ಲಿ ಅಪ್ಪ ಸೈಕಲ್ ಹತ್ತಿ ಕಾಲುವೆ ಗುಂಟ ಹೋಗುತ್ತಿದ್ದರು. ಎಲ್ಲಿ ಏರಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ, ಯಾರು ಪಂಪ್ ಇಟ್ಟು ಎತ್ತುತ್ತಿದ್ದಾರೆ, ಎಲ್ಲವನ್ನೂ ನೋಡಿ ಬರುತ್ತಿದ್ದರು. ಮೇಲಿಂದ ಇನ್ನಷ್ಟು ನೀರು ಬಿಡಿ ಎಂದು ಕೇಳುವ ಮಾತು ಆಮೇಲೆ.

ನನಗೆ ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಗಿ ಒಂಬತ್ತು ವರ್ಷವಾಯಿತು. ಅದರಲ್ಲಿ ಮೂರು ವರ್ಷ, ಥೈರಾಯ್ಡ್ ಕಡಿಮೆಯಾದಷ್ಟೂ ರಕ್ತಪರೀಕ್ಷೆಯಲ್ಲಿ ಏರುವ ಟಿಎಸ್‌ಎಚ್ ಹತೋಟಿಗೆ ಬರಲೇ ಇಲ್ಲ. ಒಮ್ಮೆ 14, ಒಮ್ಮೆ 9, ಒಂದು ಜೂನ್ ತಿಂಗಳಲ್ಲಿ 22. ಪ್ರತಿ ಸಲವೂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಗುಳಿಗೆಯ ಡೋಸ್ ಏರಿತು. 75 ಮೈಕ್ರೋಗ್ರಾಂ ಇದ್ದದ್ದು 100 ಆಯಿತು, 125 ಆಯಿತು, 150 ಆಯಿತು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮನೆಯವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಫ್ಯಾನ್ ಬಂದ್ ಮಾಡಿ ಅನ್ನುತ್ತಿದ್ದೆ. ಶಾಲೆಯಲ್ಲಿ ಮಕ್ಕಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಿತ್ತು. ಮೇಲಿಂದ ನೀರು ಜಾಸ್ತಿ ಬಿಡುತ್ತಲೇ ಇದ್ದರು, ಕಾಲುವೆ ಗುಂಟ ಮಾತ್ರ ಯಾರೂ ನಡೆದಿರಲಿಲ್ಲ. ಕೊನೆಗೆ ನಾನೇ ನಡೆದೆ. ಮೂರು ಕಡೆ ಸೋರುತ್ತಿತ್ತು, ಮೂರೂ ನಮ್ಮ ಅಡುಗೆಮನೆಯಲ್ಲೇ ಇದ್ದವು.

ನಾನು ಡಾಕ್ಟರ್ ಅಲ್ಲ. ಡೋಸ್ ಏರಿಸುವುದು, ಇಳಿಸುವುದು ಡಾಕ್ಟರ ಕೆಲಸ, ಅದಕ್ಕೆ ಕೈ ಹಾಕಬೇಡಿ. ಆದರೆ ಗುಳಿಗೆ ಡಬ್ಬಿಯಿಂದ ರಕ್ತದವರೆಗೆ ಹೋಗುವ ದಾರಿ ನಮ್ಮ ಮನೆಯೊಳಗಿಂದಲೇ ಹಾಯುತ್ತದೆ. ಅಲ್ಲಿನ ತೂತು ಐದು ನಿಮಿಷ ನೋಡುವ ಡಾಕ್ಟರಿಗೆ ಹೇಗೆ ಕಾಣಬೇಕು?

ಇನ್ನೊಂದು ಮಾತು. ಕೆಳಗಿನದನ್ನು ಓದುತ್ತಾ ಕೂರಬಾರದ ಸಂದರ್ಭಗಳೂ ಇವೆ. ಥೈರಾಯ್ಡ್ ಕಡಿಮೆ ಇರುವವರು, ಅದರಲ್ಲೂ ವಯಸ್ಸಾದವರು, ಎಬ್ಬಿಸಿದರೂ ಸರಿಯಾಗಿ ಎಚ್ಚರಾಗುತ್ತಿಲ್ಲ, ಮೈ ತಣ್ಣಗಾಗಿದೆ, ಮಾತು ತಡವರಿಸುತ್ತಿದೆ, ಉಸಿರು ನಿಧಾನವಾಗಿದೆ ಅಂದರೆ 108ಕ್ಕೆ ಫೋನ್ ಮಾಡಿ. ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ಮುಟ್ಟು ನಿಂತು ಗರ್ಭ ಎಂದು ಗೊತ್ತಾದರೆ ಆ ದಿನವೇ ಡಾಕ್ಟರಿಗೆ ತಿಳಿಸಿ. ಮುಂದಿನ ತಿಂಗಳ ಚೆಕಪ್ಪಿಗೆ ಕಾಯಬೇಡಿ. ಮೊದಲ ವಾರಗಳಲ್ಲೇ ಥೈರಾಕ್ಸಿನ್ ಬೇಡಿಕೆ ಏರುತ್ತದೆ, ಕೂಸಿನ ಮಿದುಳು ಆಗ ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ.

ಮೊದಲು ಟಿಎಸ್‌ಎಚ್ ಅಂದರೆ ಏನು ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಎಷ್ಟೋ ಜನ "ನನಗೆ ಥೈರಾಯ್ಡ್ 14 ಇದೆ, ಜಾಸ್ತಿ ಆಗಿದೆ" ಅನ್ನುತ್ತಾರೆ. ಜಾಸ್ತಿ ಆಗಿರುವುದು ಥೈರಾಯ್ಡ್ ಹಾರ್ಮೋನ್ ಅಲ್ಲ. ಟಿಎಸ್‌ಎಚ್ ಬರುವುದು ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದರೆ ಅದು ಕೂಗು ಹಾಕುತ್ತದೆ. ಕೊನೆ ಭಾಗದ ರೈತರು ನೀರು ಬರಲಿಲ್ಲ ಎಂದು ರಸ್ತೆಗೆ ಇಳಿದಂತೆ. ಕೂಗು ಜೋರಾಯಿತು ಅಂದರೆ ನೀರು ಕಡಿಮೆ. ಕೂಗು ಪೂರ್ತಿ ನಿಂತರೆ ನೀರು ಹೆಚ್ಚಾಗಿದೆ ಎಂದೂ ಇರಬಹುದು. ದೊಡ್ಡವರಿಗೆ ಬಹಳಷ್ಟು ಲ್ಯಾಬ್‌ಗಳು ಸುಮಾರು 0.4ರಿಂದ 4ರವರೆಗೆ ಸರಿ ಎಂದು ಬರೆದಿರುತ್ತವೆ. ಗರ್ಭಿಣಿಯರಿಗೆ, ತುಂಬಾ ವಯಸ್ಸಾದವರಿಗೆ ಲೆಕ್ಕ ಬೇರೆ.

ಈ ಕೂಗು ಸಣ್ಣ ಕೊರತೆಗೂ ದೊಡ್ಡದಾಗಿ ಏಳುತ್ತದೆ. ಥೈರಾಕ್ಸಿನ್ ಸ್ವಲ್ಪ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಹಾರುತ್ತದೆ. ಹಾಗಾಗಿ 6 ಇದ್ದದ್ದು 12 ಆಯಿತು ಅಂದರೆ ಕಾಯಿಲೆ ಎರಡು ಪಟ್ಟಾಯಿತು ಅಂತ ಹೆದರಬೇಡಿ. ದಾರಿಯಲ್ಲಿ ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಡೋಸ್ ಸಾಲದಿರಬಹುದು.

ದೋಷ ನಿಜವೋ, ಲ್ಯಾಬಿನ ಕಾಗದದಲ್ಲಿ ಮಾತ್ರ ಇದೆಯೋ?

ಹಳೆಯ ರಿಪೋರ್ಟುಗಳನ್ನೆಲ್ಲ ಹರಡಿಕೊಂಡು ಕುಳಿತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಟಿಎಸ್‌ಎಚ್, ಟಿ4 (ರಕ್ತದಲ್ಲಿರುವ ಥೈರಾಕ್ಸಿನ್) ಇದ್ದರೆ ಅದು, ಆಗಿನ ಡೋಸ್, ಯಾವ ಲ್ಯಾಬ್, ಎಷ್ಟು ಗಂಟೆಗೆ ರಕ್ತ ಕೊಟ್ಟದ್ದು, ಎಲ್ಲ ಬರೆಯಿರಿ. ನನ್ನ ಅರ್ಧ ಗೊಂದಲ ಈ ಒಂದು ಪುಟದಲ್ಲೇ ಬಿಡಿಸಿಕೊಂಡಿತು.

ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಡೋಸ್ ಬದಲಿಸಿದ ಮೇಲೆ ಟಿಎಸ್‌ಎಚ್ ಒಂದು ಕಡೆ ನಿಲ್ಲಲು 6ರಿಂದ 8 ವಾರ ಹಿಡಿಯುತ್ತದೆ. ಡೋಸ್ ಬದಲಿಸಿ ಮೂರು ವಾರಕ್ಕೇ ಪರೀಕ್ಷೆ ಮಾಡಿಸಿ, ಇಳಿದಿಲ್ಲ ಅಂತ ಇನ್ನಷ್ಟು ಏರಿಸಿಕೊಂಡರೆ ಅದು ದೋಷವಲ್ಲ, ಅವಸರ. ನಾನೇ ಎರಡು ಸಲ ಹೀಗೆ ಮಾಡಿದ್ದೇನೆ. ಊರಿಗೆ ಹೋಗಬೇಕು, ಅದಕ್ಕೇ ಈಗಲೇ ನೋಡಿಬಿಡಿ ಅಂತ.

ಟಿಎಸ್‌ಎಚ್ ದಿನವಿಡೀ ಒಂದೇ ಇರುವುದಿಲ್ಲ. ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಒಂದು ಸಲ ಬೆಳಗ್ಗೆ ಏಳಕ್ಕೆ, ಇನ್ನೊಂದು ಸಲ ಶಾಲೆ ಬಿಟ್ಟ ಮೇಲೆ ಕೊಟ್ಟು ಎರಡನ್ನೂ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅದೇ ಲ್ಯಾಬು, ಅದೇ ಹೊತ್ತು ಇರಲಿ. ಆ ದಿನದ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ, ಯಾಕೆಂದರೆ ನುಂಗಿದ ಮೇಲೆ ಕೆಲವು ತಾಸು ಟಿ4 ಸುಮ್ನೆ ಏರಿ ಕೂತಿರುತ್ತದೆ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ಥೈರಾಯ್ಡ್ ಕಡಿಮೆ ಇದ್ದವರಿಗೆ ಕೂದಲು ಉದುರುವುದು ಮಾಮೂಲು, ಹಾಗಾಗಿ ನಮ್ಮಲ್ಲಿ ಬಹಳ ಜನ ಇದನ್ನು ನುಂಗುತ್ತಾರೆ. ದೊಡ್ಡ ಪ್ರಮಾಣದ ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ಯಂತ್ರಗಳು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಟಿ4 ಅನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅಂದರೆ ದೋಷ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು, ದೊಡ್ಡ ಡೋಸ್ ಆದರೆ ಇನ್ನೂ ಮೊದಲು. ಲ್ಯಾಬಿನವರಿಗೂ ಹೇಳಿ. ಜೋರು ಜ್ವರ, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವಾಗಲೂ ಟಿಎಸ್‌ಎಚ್ ಅಡ್ಡಾದಿಡ್ಡಿ ಇರುತ್ತದೆ. ಆಗಿನ ಅಂಕಿ ನಂಬಬೇಡಿ.

ಒಂದು ಸಣ್ಣ ಲೆಕ್ಕ

ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದ್ದರೂ ದೊಡ್ಡವರಿಗೆ ಬೇಕಾಗುವ ಥೈರಾಕ್ಸಿನ್ ದಿನಕ್ಕೆ ಸುಮಾರು ಕೆಜಿಗೆ 1.6 ಮೈಕ್ರೋಗ್ರಾಂ. ನನ್ನ ತೂಕ ಆಗ 58 ಕೆಜಿ. ಗುಣಿಸಿದರೆ 93. ನಾನು ತೆಗೆದುಕೊಳ್ಳುತ್ತಿದ್ದದ್ದು 150. ಆದರೂ ಟಿಎಸ್‌ಎಚ್ ಇಳಿದಿರಲಿಲ್ಲ. ಈ ಗುಣಾಕಾರ ಮಾಡಿದ ದಿನವೇ ನನಗೆ ಇದು ಗ್ರಂಥಿಯ ದೋಷವಲ್ಲ, ದಾರಿಯ ದೋಷ ಎಂದು ಹೊಳೆಯಿತು. ನಿಮ್ಮದನ್ನೂ ಗುಣಿಸಿ ನೋಡಿ. ಇದನ್ನು ನೋಡಿ ಡೋಸ್ ಬದಲಿಸಿಕೊಳ್ಳಬೇಡಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಲೆಕ್ಕ ಬೇರೆ. ನಿಮ್ಮ ಡೋಸ್ ಈ ಅಂಕಿಗಿಂತ ತೀರಾ ಮೇಲಿದ್ದು ಟಿಎಸ್‌ಎಚ್ ಇನ್ನೂ ಹೆಚ್ಚಿದ್ದರೆ ಎಲ್ಲೋ ಸೋರುತ್ತಿದೆ. ಡೋಸ್ ಇದಕ್ಕಿಂತ ಬಹಳ ಕೆಳಗಿದ್ದರೆ ಬರೀ ಡೋಸ್ ಸಾಲುತ್ತಿಲ್ಲ ಎಂದೂ ಇರಬಹುದು. ಆಗ ಇಷ್ಟೆಲ್ಲ ಹುಡುಕಾಟ ಬೇಡ, ಡಾಕ್ಟರ ಹತ್ತಿರ ಹೋಗಿ.

ಗುಳಿಗೆ ಬಾಯಿಗೆ ಬೀಳುತ್ತಿದೆಯೇ?

ಇದನ್ನು ಕೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಆದರೆ ಹತೋಟಿ ತಪ್ಪಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ತಪ್ಪು ಹೊರಿಸಲು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬೆಳಗು ಹೇಗಿರುತ್ತದೆ ಗೊತ್ತಲ್ವಾ? ನಳದ ನೀರು ಬಂತು ಅಂತ ಎದ್ದು ಓಡುವುದು, ಮಕ್ಕಳ ಡಬ್ಬಿ, ಮಾವನಿಗೆ ಚಾ, ಇದರ ನಡುವೆ ಗುಳಿಗೆ ತಗೊಂಡೆನೋ ಇಲ್ಲವೋ ಅನ್ನುವುದೇ ಮರೆತುಹೋಗುತ್ತದೆ.

ನೆನಪನ್ನು ನಂಬಬೇಡಿ, ಎಣಿಸಿ. ಹೊಸ ಡಬ್ಬಿ ತೆರೆದ ತಾರೀಖನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ. ನೂರರ ಡಬ್ಬಿ ನೂರು ದಿನಕ್ಕೆ ಖಾಲಿಯಾಗಬೇಕು. ನನ್ನದು ಆ ವರ್ಷ 119 ದಿನ ಬಂದಿತ್ತು. ಅಂದರೆ 19 ದಿನ ತಪ್ಪಿತ್ತು, ನನಗೆ ನೆನಪಿದ್ದದ್ದು ಮೂರೋ ನಾಲ್ಕೋ. ತಪ್ಪಿದ್ದು ಹೆಚ್ಚಾಗಿ ತವರಿಗೆ ಹೋದಾಗ, ಜಾತ್ರೆಗೆ ಹೋದಾಗ, ಶ್ರಾವಣದ ಸೋಮವಾರ ಉಪವಾಸ ಇದ್ದಾಗ. ಉಪವಾಸವಿದ್ದರೂ ಬರೀ ನೀರಿನಲ್ಲಿ ಈ ಗುಳಿಗೆ ನುಂಗಬಹುದು. ನೀರೂ ಬೇಡ ಅನ್ನುವವರು ರಾತ್ರಿಗೆ ಹಾಕಿಕೊಳ್ಳಲಿ. ರಂಜಾನ್ ರೋಜಾ ಇಡುವ ನಮ್ಮ ಪಕ್ಕದ ಮನೆಯ ಅಕ್ಕ ಡಾಕ್ಟರನ್ನು ಕೇಳಿ, ಇಫ್ತಾರ್ ಊಟ ಮುಗಿದು ಮೂರು ತಾಸಾದ ಮೇಲೆ ಮಲಗುವಾಗ ನುಂಗುತ್ತಾರೆ. ಸಹರಿಗೆ ಅರ್ಧ ತಾಸು ಮೊದಲೇ ಎದ್ದು ನುಂಗುವವರೂ ಇದ್ದಾರೆ. ಯಾವುದಾದರೂ ಒಂದನ್ನು ಹಿಡಿದು ತಿಂಗಳಿಡೀ ಅದನ್ನೇ ಮಾಡಬೇಕು.

ಒಂದು ದಿನ ತಪ್ಪಿದರೆ ಗಾಬರಿ ಬೇಡ, ನೆನಪಾದ ದಿನವೇ ತೆಗೆದುಕೊಳ್ಳಿ. ವಾರಗಟ್ಟಲೆ ಬಿಟ್ಟು, ಪರೀಕ್ಷೆ ಹತ್ತಿರ ಬಂತು ಅಂತ ಕೊನೆಯ ನಾಲ್ಕು ದಿನ ಶ್ರದ್ಧೆಯಿಂದ ನುಂಗಿದರೆ ರಿಪೋರ್ಟಿನಲ್ಲಿ ಅದು ಕಾಣುತ್ತದೆ. ಟಿ4 ಸರಿ ಇರುತ್ತದೆ ಅಥವಾ ಮೇಲೇ ಇರುತ್ತದೆ, ಟಿಎಸ್‌ಎಚ್ ಮಾತ್ರ ಹೆಚ್ಚೇ ಉಳಿದಿರುತ್ತದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಹಳೆಯ ವಾರಗಳ ಸಿಟ್ಟನ್ನು ಇನ್ನೂ ಇಟ್ಟುಕೊಂಡಿರುತ್ತದೆ. ಡಾಕ್ಟರ ಮುಂದೆ ತಪ್ಪಿದ್ದನ್ನು ತಪ್ಪಿದೆ ಎಂದೇ ಹೇಳಿ. ಮುಚ್ಚಿಟ್ಟರೆ ಅವರು ಡೋಸ್ ಏರಿಸುತ್ತಾರೆ, ನೀವು ಮುಂದಿನ ತಿಂಗಳು ಸರಿಯಾಗಿ ನುಂಗುತ್ತೀರಿ, ಎದೆ ಡವಡವ ಅನ್ನತೊಡಗುತ್ತದೆ.

ಡಬ್ಬಿ ಎಲ್ಲಿದೆ?

ನಮ್ಮ ಕಡೆಯವರು ಇದನ್ನು ಬೇರೆಯವರಿಗಿಂತ ಜಾಸ್ತಿ ನೋಡಬೇಕು. ಥೈರಾಕ್ಸಿನ್ ಸೂಕ್ಷ್ಮ ವಸ್ತು. ಬಿಸಿ, ಬೆಳಕು, ತೇವ ಮೂರೂ ಅದಕ್ಕೆ ಆಗುವುದಿಲ್ಲ, ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿ ಅಥವಾ 30 ಡಿಗ್ರಿ ಒಳಗೆ ಇಡಿ ಎಂದು ಬರೆದಿರುತ್ತದೆ. ರಾಯಚೂರು, ಬಳ್ಳಾರಿಗಳಲ್ಲಿ ಮೇ ತಿಂಗಳ ಹಗಲು 40 ದಾಟುವುದು ಹೊಸದೇನಲ್ಲ. ತಗಡಿನ ಮನೆಯೊಳಗೆ, ಪಡುವಣ ಗೋಡೆಯ ಪಕ್ಕ, ಒಲೆಯ ಮೇಲಿನ ಹಲಗೆಯಲ್ಲಿ ಎಷ್ಟಿರುತ್ತದೆ ಯೋಚಿಸಿ.

ನನ್ನ ಡಬ್ಬಿ ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿ, ಚಹಾಪುಡಿ ಡಬ್ಬಿಯ ಪಕ್ಕ ಇರುತ್ತಿತ್ತು. ಎದ್ದ ಕೂಡಲೇ ಕಣ್ಣಿಗೆ ಬೀಳಲಿ ಅಂತ ಅಲ್ಲಿಟ್ಟಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದು ನೋಡಿದರೆ ಮೂರು ವರ್ಷವೂ ಕೆಟ್ಟ ಅಂಕಿ ಬಂದದ್ದು ಜೂನ್, ಜುಲೈನಲ್ಲಿ. ಜನವರಿಯಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನುವಂತಿತ್ತು. ಬೇಸಿಗೆ ರಜೆಗೆ ತವರಿಗೆ ಹೋಗಿ ಗುಳಿಗೆ ತಪ್ಪಿಸುತ್ತಿದ್ದುದೂ ಆ ಪರೀಕ್ಷೆಗಳಿಗೆ ಸ್ವಲ್ಪ ಮೊದಲೇ. ಹಾಗಾಗಿ ಬರೀ ಬಿಸಿಲೇ ಕಾರಣ ಎಂದು ಎದೆ ತಟ್ಟಿ ಹೇಳಲಾರೆ. ಆದರೂ ಡಬ್ಬಿ ಜಾಗ ಬದಲಿಸಿದ ಮೇಲೆ ಬಂದ ಮೊದಲ ಜೂನ್‌ನಲ್ಲಿ ಆ ಏರಿಕೆ ಕಾಣಲಿಲ್ಲ.

ಈಗ ಅದು ನಡುಮನೆಯ ಗೋಡೆಗೂಡಿನಲ್ಲಿದೆ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಅದು. ಡಬ್ಬಿಯೊಳಗೆ ತೇವ ಹೀರುವ ಸಣ್ಣ ಚೀಲ ಇದ್ದರೆ ಬಿಸಾಕಬೇಡಿ. ನೂರು ಗುಳಿಗೆಗಳನ್ನೂ ಸ್ಟೀಲ್ ಡಬ್ಬಿಗೋ ಪ್ಲಾಸ್ಟಿಕ್ ಚೀಲಕ್ಕೋ ಸುರಿದುಕೊಳ್ಳಬೇಡಿ. ಒದ್ದೆ ಕೈ ಹಾಕಬೇಡಿ. ಫ್ರಿಜ್ಜಿನಲ್ಲಿ ಇಡಬಹುದೇ ಅಂತ ನಿಮ್ಮ ಮೆಡಿಕಲ್ ಅಂಗಡಿಯವರನ್ನು ಕೇಳಿಯೇ ಇಡಿ, ತೆಗೆದು ಹಾಕುವಾಗ ಒಳಗೆ ನೀರು ಕಟ್ಟಿದರೆ ಅದೂ ಕೇಡೇ. ಬೇಸಿಗೆಯಲ್ಲಿ ನೂರರ ಡಬ್ಬಿಯ ಬದಲು ಸ್ಟ್ರಿಪ್ ಸಿಕ್ಕರೆ ನಾನು ಅದನ್ನೇ ಕೊಳ್ಳುತ್ತೇನೆ. ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ, ಬೈಕಿನ ಸೀಟಿನ ಕೆಳಗೆ ಇಟ್ಟುಕೊಂಡು ತಿರುಗುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಡಬ್ಬಿ ಕೈಯಲ್ಲಿದ್ದಾಗಲೇ ಅಂಕಿಯನ್ನೂ ಓದಿ. 12.5, 25, 50, 75, 88, 100, 112, 125 ಹೀಗೆ ಹಲವು ಬಲದಲ್ಲಿ ಇದು ಸಿಗುತ್ತದೆ. 12.5ಕ್ಕೂ 125ಕ್ಕೂ ನಡುವೆ ಇರುವುದು ಒಂದು ಚುಕ್ಕೆ ಮಾತ್ರ. ಕಂಪನಿ ಬದಲಾದರೂ ದೇಹಕ್ಕೆ ಸಿಗುವ ಪ್ರಮಾಣ ಸ್ವಲ್ಪ ಆಚೀಚೆ ಆಗಬಹುದು. ಥೈರೋನಾರ್ಮ್ ಆಗಲಿ, ಎಲ್ಟ್ರಾಕ್ಸಿನ್ ಆಗಲಿ, ಒಂದನ್ನು ಹಿಡಿದರೆ ಅದರಲ್ಲೇ ಇರಿ. ಬದಲಿಸಲೇಬೇಕಾದರೆ 6 ವಾರದ ಮೇಲೆ ಒಂದು ಪರೀಕ್ಷೆ ಮಾಡಿಸಿ.

ಹೊಟ್ಟೆಯಲ್ಲಿ ಯಾರ ಜೊತೆ ಸೇರುತ್ತಿದೆ?

ನನ್ನ ದೊಡ್ಡ ಸೋರಿಕೆ ಇಲ್ಲಿತ್ತು. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಈ ಗುಳಿಗೆಯ ನೂರಕ್ಕೆ 60ರಿಂದ 80 ಭಾಗ ಮಾತ್ರ ರಕ್ತ ಸೇರುತ್ತದೆ. ಬೇರೆ ಏನಾದರೂ ಜೊತೆಗಿದ್ದರೆ ಇನ್ನೂ ಕಡಿಮೆ. ನಾನು ಖಾಲಿ ಹೊಟ್ಟೆಯಲ್ಲೇ ನುಂಗುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಆದರೆ ನುಂಗಿ ಐದು ನಿಮಿಷಕ್ಕೆ ಹಾಲು ಹಾಕಿದ ಚಾ ಕುಡಿಯುತ್ತಿದ್ದೆ. ಚಾ ಆಹಾರ ಅಂತ ನಮ್ಮಲ್ಲಿ ಯಾರು ಎಣಿಸುತ್ತಾರೆ? ಡಾಕ್ಟರು "ನಾಷ್ಟಾಕ್ಕೆ ಅರ್ಧ ತಾಸು ಮೊದಲು" ಅಂದಿದ್ದರು. ನಾಷ್ಟಾ ನಾನು ಒಂಬತ್ತಕ್ಕೆ ಮಾಡುವುದು, ಹಾಗಾಗಿ ನಿಯಮ ಪಾಲಿಸಿದ್ದೇನೆ ಅಂದುಕೊಂಡಿದ್ದೆ. ಹಾಲು, ಚಾ, ಕಾಫಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗುಳಿಗೆಗೂ ಚಾಕ್ಕೂ ನಡುವೆ ಅರ್ಧ ತಾಸು ಬೇಕು, ಒಂದು ತಾಸು ಇದ್ದರೆ ಇನ್ನೂ ಒಳ್ಳೆಯದು. ನಡುವೆ ನೀರು ಬಿಟ್ಟು ಬೇರೇನೂ ಬೇಡ.

ಇದರ ಜೊತೆ ಗ್ಯಾಸಿನ ಗುಳಿಗೆ. ಮಿರ್ಚಿ, ಒಗ್ಗರಣೆ ಮಂಡಕ್ಕಿ ಬಿಡದ ಊರು ನಮ್ಮದು, ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದೂ ಖಾಲಿ ಹೊಟ್ಟೆಯದು, ಇದೂ ಖಾಲಿ ಹೊಟ್ಟೆಯದು ಅಂತ ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದೆ, ಒಂದೂವರೆ ವರ್ಷ. ಥೈರಾಕ್ಸಿನ್ ಗುಳಿಗೆ ಕರಗಲು ಹೊಟ್ಟೆಯ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಕೆಲಸವೇ ಆ ಆಮ್ಲ ಕಡಿಮೆ ಮಾಡುವುದು. ಬೇರೆ ಹೊತ್ತಿಗೆ ತೆಗೆದುಕೊಂಡರೂ ಅದರ ಪರಿಣಾಮ ದಿನಪೂರ್ತಿ ಇರುತ್ತದೆ, ಹಾಗಾಗಿ ಇದು ಬರೀ ಹೊತ್ತು ಬದಲಿಸಿದರೆ ಮುಗಿಯುವ ತೊಂದರೆ ಅಲ್ಲ. ಅದು ನಿಜಕ್ಕೂ ಬೇಕೇ ಅಂತ ಡಾಕ್ಟರನ್ನು ಕೇಳಿ. ನನಗೆ ಬೇಕಿರಲಿಲ್ಲ. ಯಾರೋ ಎರಡು ವಾರಕ್ಕೆ ಬರೆದದ್ದನ್ನು ನಾನೇ ಮುಂದುವರಿಸಿಕೊಂಡು ಹೋಗಿದ್ದೆ. ಬಿಳಿ ಗ್ಯಾಸ್ ಸಿರಪ್, ಸುಕ್ರಾಲ್‌ಫೇಟ್ ಇವು ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಅಂಟಿಸಿಕೊಂಡುಬಿಡುತ್ತವೆ. ಇವಕ್ಕೆ ನಾಲ್ಕು ತಾಸಿನ ಅಂತರ ಬೇಕು.

ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗೂ ಅದೇ ನಾಲ್ಕು ತಾಸು. ಆಶಾ ಅಕ್ಕ ತಂದುಕೊಡುವ ಕೆಂಪು ಗುಳಿಗೆ ಕಬ್ಬಿಣದ್ದೇ, ಹೈಸ್ಕೂಲ್ ಮಕ್ಕಳಿಗೆ ಕೊಡುವ ನೀಲಿ ಗುಳಿಗೆಯೂ ಕಬ್ಬಿಣದ್ದೇ. ಗರ್ಭಿಣಿಯರಿಗೆ ಥೈರಾಕ್ಸಿನ್, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಒಟ್ಟಿಗೆ ಬರೆದಿರುತ್ತಾರೆ, ಅಂತರ ಹೇಳುವುದನ್ನು ಮರೆಯುತ್ತಾರೆ. ಇವನ್ನು ಬಿಡಬೇಡಿ, ದೂರ ಇಡಿ. ಥೈರಾಕ್ಸಿನ್ ಬೆಳಗ್ಗೆ, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ನನ್ನ ತಂಗಿ ಗೋಡೆ ಗಡಿಯಾರದ ಕೆಳಗೆ ಇದನ್ನು ಬರೆದು ಅಂಟಿಸಿದ್ದಾಳೆ.

ಬೆಳಗ್ಗೆ ಚಾ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ರಾತ್ರಿಗೆ ಬದಲಿಸಿಕೊಳ್ಳುವುದನ್ನು ಡಾಕ್ಟರ ಹತ್ತಿರ ಮಾತಾಡಿ. ಕೊನೆಯ ಊಟವಾಗಿ ಮೂರು ತಾಸು ಆಗಿರಬೇಕು, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಗುವಾಗ ತೆಗೆದುಕೊಂಡವರ ಟಿಎಸ್‌ಎಚ್ ಬೆಳಗ್ಗೆ ತೆಗೆದುಕೊಂಡವರಿಗಿಂತ ಚೆನ್ನಾಗಿತ್ತು. ಎಂಟಕ್ಕೆ ಊಟ ಮುಗಿಸಿ ಹನ್ನೊಂದಕ್ಕೆ ಮಲಗುವ ಮನೆಗಳಿಗೆ ಇದು ಹೊಂದುತ್ತದೆ. ಹತ್ತೂವರೆಗೆ ಊಟ ಮಾಡಿ ಹಾಗೇ ಮಲಗುವ ಮನೆಗಳಿಗೆ ಇಲ್ಲ. ಹಾಲು ಕುಡಿದು ಮಲಗುವ ರೂಢಿ ಇದ್ದರೂ ಇಲ್ಲ.

ಇನ್ನು ಸಜ್ಜೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿದರೆ ಮನೆಗೆ ಬಂದವರೊಬ್ಬರು "ಥೈರಾಯ್ಡ್ ಇದ್ದೋರು ಅದನ್ನ ಮುಟ್ಟಬಾರದವ್ವ" ಅಂದರು. ಎಲೆಕೋಸಿಗೂ ಇದೇ ಮಾತು. ಸಜ್ಜೆಯಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶ ಇರುವುದು ನಿಜ. ಅಯೋಡಿನ್ ಕೊರತೆ ಇರುವ ಕಡೆ, ಮೂರು ಹೊತ್ತೂ ಅದನ್ನೇ ತಿನ್ನುವವರಿಗೆ ಅದರಿಂದ ತೊಂದರೆ ಆಗಬಹುದು. ಆದರೆ ಪೂರ್ತಿ ಡೋಸ್ ಗುಳಿಗೆಯಿಂದಲೇ ಹಾರ್ಮೋನ್ ಸಿಗುತ್ತಿರುವವರಿಗೆ ಗ್ರಂಥಿಗೆ ಅಡ್ಡ ಬಂದರೆಷ್ಟು, ಬಿಟ್ಟರೆಷ್ಟು? ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ಹಬ್ಬಕ್ಕೆ ನಾಲ್ಕು ಸಜ್ಜೆ ರೊಟ್ಟಿ ತಿಂದರೆ ಟಿಎಸ್‌ಎಚ್ 22 ಆಗುವುದಿಲ್ಲ. ನಾನು ತಿನ್ನುತ್ತೇನೆ. ಸೋಯಾ, ಓಟ್ಸ್, ಇಸಬ್‌ಗೋಲ್ ಇವನ್ನು ಮಾತ್ರ ಗುಳಿಗೆಯ ಹತ್ತಿರದ ಹೊತ್ತಿಗೆ ತರಬೇಡಿ. ಥೈರಾಯ್ಡ್ ಇದೆ ಅಂತ ಅಯೋಡಿನ್ ಹನಿ, ಕಡಲಪಾಚಿ ಪುಡಿ ತರಿಸಿಕೊಂಡು ನುಂಗುವುದು ಬೇಡವೇ ಬೇಡ, ಹೆಚ್ಚಾದ ಅಯೋಡಿನ್ ಕೂಡ ಗ್ರಂಥಿಯನ್ನು ಕೆಡಿಸುತ್ತದೆ.

ಬೇರೆ ಔಷಧ, ಬೇರೆ ಕಾಯಿಲೆ

ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಥೈರಾಕ್ಸಿನ್ನನ್ನು ಬೇಗ ಖರ್ಚು ಮಾಡಿಸುತ್ತವೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಶುರು ಮಾಡಿದರೂ ಬೇಡಿಕೆ ಏರಬಹುದು. ಹೃದಯದ ಅಮಿಯೊಡರೋನ್, ಮನಸ್ಸಿನ ಕಾಯಿಲೆಯ ಲಿಥಿಯಂ ಗ್ರಂಥಿಯನ್ನೇ ಬಾಧಿಸುತ್ತವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಥೈರಾಯ್ಡ್ ಡಾಕ್ಟರಿಗೆ ಎಲ್ಲ ಔಷಧದ ಚೀಟಿ ತೋರಿಸಿ.

ಮೇಲಿನದೆಲ್ಲ ಸರಿ ಮಾಡಿ ಎಂಟು ವಾರವಾದರೂ ಅಂಕಿ ಇಳಿಯದಿದ್ದರೆ ಕರುಳಿನ ಕಡೆ ನೋಡಬೇಕು. ದೊಡ್ಡವರಲ್ಲಿ ಥೈರಾಯ್ಡ್ ಕಡಿಮೆಯಾಗಲು ಬಹುಮಟ್ಟಿಗೆ ಕಾರಣ ಹಾಶಿಮೊಟೊ ಕಾಯಿಲೆ. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ಅದನ್ನು ಮೊದಲು ವಿವರಿಸಿದರು. ದೇಹ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಹೀಗೆ ತಿರುಗಿ ಬೀಳುವ ದೇಹ ಕೆಲವರಲ್ಲಿ ಹೊಟ್ಟೆಯ ಒಳಪದರದ ಮೇಲೂ, ಕರುಳಿನ ಮೇಲೂ ಬೀಳುತ್ತದೆ. ಹೊಟ್ಟೆಯದಾದರೆ ಆಮ್ಲವೂ ಕಡಿಮೆ, ಬಿ12 ಕೂಡ ಕಡಿಮೆ. ಕರುಳಿನದಾದರೆ ಸೀಲಿಯಾಕ್, ಅಂದರೆ ಗೋಧಿಯ ಗ್ಲುಟೆನ್ ಆಗದಿರುವುದು. ಜೋಳದ ರೊಟ್ಟಿ, ಅನ್ನ ತಿಂದ ದಿನ ಆರಾಮಾಗಿದ್ದು, ಚಪಾತಿ, ರವೆ ಉಪ್ಪಿಟ್ಟು ತಿಂದ ದಿನ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ ಅನ್ನುವವರು ಡಾಕ್ಟರಿಗೆ ಇದನ್ನು ಹೇಳಲೇಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಡಬೇಡಿ, ಬಿಟ್ಟರೆ ರಕ್ತಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಹೊಟ್ಟೆಯ ಎಚ್ ಪೈಲೋರಿ ಸೋಂಕು, ಕರುಳಿನ ಜಿಯಾರ್ಡಿಯಾ ಸೋಂಕು ಕೂಡ ಗುಳಿಗೆ ಹೀರುವುದನ್ನು ಕೆಡಿಸುತ್ತವೆ. ಎರಡಕ್ಕೂ ಚಿಕಿತ್ಸೆ ಇದೆ.

ಒಂದು ವಿಷಯ ಬೇರೆಯೇ ಇದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟು ಮರಳದೆ, ಸುಸ್ತು ಬಿಡದೆ ಇರುವ ಹೆಣ್ಣುಮಕ್ಕಳಲ್ಲಿ ಕೂಗು ಹಾಕಬೇಕಾದ ಪಿಟ್ಯುಟರಿಯೇ ಸೋತಿರಬಹುದು. ಅವರಿಗೆ ಟಿಎಸ್‌ಎಚ್ ಒಂದನ್ನೇ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ. ಟಿ4, ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನ್ ಎರಡನ್ನೂ ನೋಡಬೇಕು, ಅದೂ ಗುಳಿಗೆ ಶುರು ಮಾಡುವ ಮೊದಲು.

ಸೋರಿಕೆ ಮುಚ್ಚಿದ ಮೇಲಿನ ಅಪಾಯ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು 150 ನುಂಗುತ್ತಿದ್ದಾಗಲೇ ಚಾ ದೂರ ಮಾಡಿದೆ, ಗ್ಯಾಸಿನ ಗುಳಿಗೆ ನಿಂತಿತು, ಹೊಸ ಡಬ್ಬಿ ತಂಪು ಜಾಗದಲ್ಲಿ ಇಟ್ಟೆ, ಒಂದು ದಿನವೂ ತಪ್ಪಿಸಲಿಲ್ಲ. ಐದಾರು ವಾರಕ್ಕೆ ರಾತ್ರಿ ಎದೆ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು, ನಿದ್ದೆ ಹಾರಿತು. ಟಿಎಸ್‌ಎಚ್ 0.08. ಏರಿಯ ತೂತು ಮುಚ್ಚಿದ ಮೇಲೂ ಮೇಲಿಂದ ಅಷ್ಟೇ ನೀರು ಬಿಟ್ಟರೆ ಹೊಲ ಮುಳುಗುತ್ತದೆ. ಇದು ಹಾಗೇ ಮುಂದುವರಿದರೆ ಹೃದಯದ ಬಡಿತದ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಡಾಕ್ಟರು ಡೋಸ್ ಇಳಿಸಿದರು. ಎರಡು ಪರೀಕ್ಷೆಗಳ ಮೇಲೆ 100ರಲ್ಲಿ ನಿಂತಿತು, ಟಿಎಸ್‌ಎಚ್ 2.4. ಹಾಗಾಗಿ ಏನನ್ನೇ ಸರಿಪಡಿಸಿದರೂ ಮೊದಲೇ ಡಾಕ್ಟರಿಗೆ ಹೇಳಿ, 6 ವಾರಕ್ಕೆ ಪರೀಕ್ಷೆ ಬರೆಸಿಕೊಳ್ಳಿ. ಹೃದಯದ ತೊಂದರೆ ಇರುವವರು ಇನ್ನೂ ಹುಷಾರಾಗಿರಬೇಕು.

ಅಂಕಿ ಸರಿಹೋದರೂ ಸುಸ್ತು ಹೋಗದವರು ಇದ್ದಾರೆ. ಅವರು ಇನ್ನಷ್ಟು ಥೈರಾಕ್ಸಿನ್ ಕೇಳಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಸಕ್ಕರೆ ನೋಡಿಸಿ. ಗೊರಕೆ, ನಿದ್ದೆ, ಮನಸ್ಸಿನ ಬೇಸರ ಇವನ್ನೂ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಿ ರಕ್ತಹೀನತೆಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರನ್ನು ನಾನು ಬಲ್ಲೆ.

ಏನು ಮಾಡಿದರೂ ಸಿಗದಿದ್ದಾಗ

ಕೊನೆಯ ಪರೀಕ್ಷೆ ಒಂದಿದೆ, ದೊಡ್ಡ ದವಾಖಾನೆಗಳಲ್ಲಿ ಹಾರ್ಮೋನ್ ತಜ್ಞರು ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಮ್ಮ ಕಣ್ಣೆದುರೇ ಒಂದೇ ಸಲ ದೊಡ್ಡ ಪ್ರಮಾಣದ ಥೈರಾಕ್ಸಿನ್, ಸಾಮಾನ್ಯವಾಗಿ 1000 ಮೈಕ್ರೋಗ್ರಾಂ, ನುಂಗಿಸಿ ಕೆಲವು ತಾಸು ರಕ್ತ ತೆಗೆಯುತ್ತಾ ಟಿ4 ಏರುವುದನ್ನು ನೋಡುತ್ತಾರೆ. ಚೆನ್ನಾಗಿ ಏರಿದರೆ ಕರುಳು ಹೀರುತ್ತಿದೆ, ತೊಂದರೆ ಮನೆಯಲ್ಲಿದೆ. ಏರದಿದ್ದರೆ ಕರುಳಿನ ತಪಾಸಣೆ. ಮನೆಯಲ್ಲಿ ಹತ್ತು ಗುಳಿಗೆ ನುಂಗಿ ನೋಡುವ ಸಾಹಸ ಯಾರೂ ಮಾಡಬೇಡಿ, ಹೃದಯಕ್ಕೆ ಅಪಾಯ. ದಿನಾ ನುಂಗಲು ಆಗದವರಿಗೆ ವಾರಕ್ಕೊಮ್ಮೆ ಏಳು ದಿನದ ಡೋಸನ್ನು ಒಟ್ಟಿಗೆ ಕೊಡುವ ದಾರಿಯೂ ಇದೆ. ಅದೂ ಹೃದಯ ಗಟ್ಟಿ ಇದ್ದವರಿಗೆ, ಡಾಕ್ಟರ ನಿಗಾದಲ್ಲಿ ಮಾತ್ರ.

ನನ್ನ ದೊಡ್ಡವ್ವನ ಮಗಳು, ಗಂಗಾವತಿ ಹತ್ತಿರದವಳು, ಈ ಪರೀಕ್ಷೆಗಾಗಿ ನನ್ನ ಜೊತೆ ಹೈದರಾಬಾದ್‌ವರೆಗೆ ಹೋಗಿ ಬಂದಳು. ಟಿ4 ಸರಸರ ಏರಿತು, ಕರುಳಲ್ಲಿ ಏನೂ ತೊಂದರೆ ಇರಲಿಲ್ಲ. ಗುಳಿಗೆ ತಪ್ಪಿಸುತ್ತಿಲ್ಲ ಅಂತ ಆಣೆ ಮಾಡಿ ಹೇಳುತ್ತಿದ್ದಳು. ಡಬ್ಬಿಯ ಲೆಕ್ಕ ಹಾಕಿದರೂ ಸರಿಯಾಗಿ ನೂರು ದಿನಕ್ಕೇ ಖಾಲಿಯಾಗುತ್ತಿತ್ತು. ವಾಪಸ್ ಬರುವಾಗ ರೈಲಿನಲ್ಲಿ ನಾನು ಸುಮ್ನೆ ಕೇಳಿದೆ, "ಮನ್ಯಾಗ ಮತ್ತ್ಯಾರಾರೆ ಇದನ್ನ ತಗೋತಾರೇನ?" ಅವಳು ಸ್ವಲ್ಪ ಹೊತ್ತು ಕಿಟಕಿ ಹೊರಗೆ ನೋಡಿದಳು. "ಅತ್ತಿಗೂ ಐತಲ್ಲಕ್ಕಾ. ಒಂದಿನ ಅಕಿ, ಒಂದಿನ ನಾ." ಇಬ್ಬರಿಗೆ ಎರಡು ಡಬ್ಬಿ ಯಾಕೆ ಅಂತ ಮನೆಯಲ್ಲಿ ಅಂದಿದ್ದರಂತೆ. ನಾಲ್ಕು ವರ್ಷದಲ್ಲಿ ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ, ಅವಳಿಗೂ ಹೇಳಬೇಕು ಅನಿಸಿರಲಿಲ್ಲ. ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲೇ ಇನ್ನೊಂದು ಡಬ್ಬಿ ಕೊಂಡೆವು. ಈಗ ಅವರ ಗೋಡೆಗೂಡಿನಲ್ಲಿ ಎರಡೂ ಪಕ್ಕಪಕ್ಕ ಇವೆ, ಮುಚ್ಚಳದ ಮೇಲೆ ಅವರವರ ಹೆಸರು ಬರೆದಿದೆ.